ಯಾವ ಸೀಮೆಗೂ ಸೇರದ ಮಂಚ

ಬ್ರಂಡಲ್ ಧಣಿಯ ಕಣಜದ ಮಾಡಿನಿಂದ ಜೇಬೆಜ್ ಪ್ಯಾನೆಲ್ ಬಿದ್ದು ಐದು ವಾರವಾಗಿತ್ತು. ಸೊಂಟದ ಕೆಳಗಿನ ಮೈ ಅವನ ಮಾತು ಕೇಳುತ್ತಿರಲಿಲ್ಲ. ಮೊದಲ ವಾರ ಗಂಡಹೆಂಡಿರು ಕೋಳಿಗಳನ್ನು ತಿಂದರು. ಎರಡನೆಯ ವಾರ ಹಂದಿಯನ್ನು ಕೊಟ್ಟು ಬಾರ್ಲಿ ಹಿಟ್ಟು ತಂದರು. ಮೂರನೆಯ ವಾರ ತಾಮ್ರದ ಕೆಟಲು ಹೋಯಿತು. ನಾಲ್ಕನೆಯ ವಾರ ಬಿತ್ತನೆಗೆಂದು ಇಟ್ಟಿದ್ದ ಆಲೂಗಡ್ಡೆಯನ್ನು ಮೊಳಕೆ ಚಿವುಟಿ ಬೇಯಿಸಿದರು. ಐದನೆಯ ವಾರ ಅವನ ಹೆಂಡತಿ ಕೆಜಾಯಾ ಕೈಗೆ ಬಟ್ಟೆ ಸುತ್ತಿಕೊಂಡು ಹಳ್ಳದ ದಂಡೆಯ ತುರಿಕೆ ಸೊಪ್ಪು ಕಿತ್ತು ತಂದಳು. ಅದನ್ನು ಕುದಿಸಿದರೆ ತುರಿಕೆ ಹೋಗುತ್ತದೆ. ಹಸಿವು ಹೋಗುವುದಿಲ್ಲ.

ಆರನೆಯ ವಾರ ಸೋಮವಾರ ಅವಳು ಬ್ರಂಡಲ್‌ನ ಮನೆಯ ಹಿಂಬಾಗಿಲಿಗೆ ಹೋದಳು. ಆ ವರ್ಷ ಕಾಬ್‌ವೆಲ್ ಸೀಮೆಯ ಬಡವರ ಮೇಲ್ವಿಚಾರಕ ಅವನೇ. ಜೇಬೆಜ್ ಬಿದ್ದದ್ದು ಅವನ ಮಾಡಿನಿಂದ. ಬಿದ್ದವನಿಗೆ ರೊಟ್ಟಿ ಬೇಕೆಂದು ಕೇಳಬೇಕಾದದ್ದೂ ಅವನನ್ನೇ.

"ಏನೇ ಕೆಜಾಯಾ, ಗಂಡ ಎದ್ದನೇನೆ?"

"ಎದ್ದಿದ್ರೆ ನಿಮ್ಮ ಬಾಗಿಲಿಗೆ ಯಾಕೆ ಬರ್ತಿದ್ದೆ ಧಣಿ?"

"ಅವನು ಬೀಳೋವಾಗ ನನ್ನ ಮಾಡಿನ ಅರ್ಧ ಹುಲ್ಲು ಕಿತ್ಕೊಂಡು ಬಿದ್ದ. ನಾನು ಅದರ ಬಗ್ಗೆ ಒಂದು ಮಾತಾದ್ರೂ ಆಡಿದೀನಾ?"

"ಇಲ್ಲ ಧಣಿ."

"ಮತ್ತೆ? ನೀನೂ ಹಾಗೇ ದೊಡ್ಡ ಮನಸ್ಸು ಮಾಡಬೇಕು."

ಕೆಜಾಯಾ ಮನಸ್ಸು ದೊಡ್ಡದು ಮಾಡುವ ಸ್ಥಿತಿಯಲ್ಲಿರಲಿಲ್ಲ. "ವಾರಕ್ಕೆ ಎರಡು ರೊಟ್ಟಿ ಕೊಡಿಸಿ ಸಾಕು. ಕೈಲಾಗದೋರನ್ನ ಅವರ ಸೀಮೆ ಸಾಕಬೇಕು ಅಂತ ಕಾನೂನೇ ಇದೆಯಂತಲ್ಲ."

'ಕಾನೂನು' ಎಂಬ ಮಾತು ಕೇಳಿ ಬ್ರಂಡಲ್ ಬಾಯಿಂದ ಚುಂಗಾಣಿ ತೆಗೆದ. ಹೊಲದಲ್ಲಿ ಕಲ್ಲು ಆರಿಸುವ ಹೆಂಗಸಿನ ಬಾಯಲ್ಲಿ ಅದು ಬರಬಾರದಿತ್ತು.

"ಇದೆ. ಯಾವ ಸೀಮೆಯಲ್ಲಿ ಮಲಗ್ತಾನೋ ಆ ಸೀಮೆ ಸಾಕಬೇಕು. ನಿನ್ನ ಗಂಡ ಎಲ್ಲಿ ಮಲಗ್ತಾನೆ?"

"ಮನೇಲಿ."

"ಮನೆ ಯಾವ ಸೀಮೇಲಿದೆ?"

ಎಪ್ಪತ್ತು ವರ್ಷದಿಂದ ಇಡೀ ಊರಿಗೇ ಗೊತ್ತಿಲ್ಲದ ಸಂಗತಿಯನ್ನು ಅವಳು ಹೇಗೆ ಹೇಳಿಯಾಳು?

ಕಾಬ್‌ವೆಲ್‌ನ ಚರಿತ್ರೆಯನ್ನು ಪಾದ್ರಿ ಲಸ್ಕಮ್ ಹನ್ನೊಂದು ವರ್ಷದಿಂದ ಬರೆಯುತ್ತಿದ್ದ. ಅದರಲ್ಲಿ ಯಾವ ರಾಜ ಯಾವ ಜಮೀನ್ದಾರನಿಗೆ ಈ ಊರನ್ನು ಬಹುಮಾನವಾಗಿ ಕೊಟ್ಟ ಎಂಬುದಿತ್ತು. ಚರ್ಚಿನ ಗಂಟೆ ಎಷ್ಟು ಸಲ ಬಿರುಕುಬಿಟ್ಟಿತು ಎಂಬುದಿತ್ತು. ನಡುವೆ ಇನ್ನೂರು ವರ್ಷ 'ಹೇಳುವಂಥದ್ದೇನೂ ನಡೆಯಲಿಲ್ಲ' ಎಂದಿತ್ತು. ಆ ಇನ್ನೂರು ವರ್ಷ ಪ್ಯಾನೆಲ್ ಮನೆತನದವರು ಉಳುತ್ತಿದ್ದರು, ಕುಯ್ಯುತ್ತಿದ್ದರು, ಸಾಯುತ್ತಿದ್ದರು. ಕಾಡು ಮೊದಲು ಎಲ್ಲರದಾಗಿತ್ತು, ಆಮೇಲೆ ರಾಜನದಾಯಿತು, ಆಮೇಲೆ ಮಠದ್ದು, ಆಮೇಲೆ ಜಮೀನ್ದಾರರದ್ದು. ಕೊನೆಗೆ ಊರಿಗೆ ಉಳಿದದ್ದು ಗೋಮಾಳ. ಅಲ್ಲಿ ಕೆಜಾಯಾಳ ಅಜ್ಜಿಯ ಒಂದು ಹಸು, ಹನ್ನೆರಡು ಬಾತುಕೋಳಿ ಮೇಯುತ್ತಿದ್ದವು. ಕೆಜಾಯಾ ಲಂಗ ಎತ್ತಿ ಕಟ್ಟಿಕೊಂಡು ಓಡಾಡುವ ವಯಸ್ಸಿನಲ್ಲಿ ಗೋಮಾಳದ ನಡುವೆ ಮುಳ್ಳುಬೇಲಿ ಬಂತು. ಬೇಲಿಯ ಈಚೆ ಬ್ರಂಡಲ್, ಆಚೆ ಮಾರ್ಸ್‌ಡೀನ್ ಊರಿನ ಗಿರಣಿಯ ಸ್ಪೂನರ್. ಪಾದ್ರಿಯ ಚರಿತ್ರೆಯಲ್ಲಿ ಆ ವರ್ಷಕ್ಕೆ ಒಂದೇ ಸಾಲು: 'ಈ ವರ್ಷ ಗೋಮಾಳದ ಸುಧಾರಣೆಯಾಯಿತು.'

ಜೇಬೆಜ್‌ನ ಅಜ್ಜ ಮನೆ ಕಟ್ಟಿದ್ದು ಬೇಲಿ ಬರುವುದಕ್ಕೂ ಮುಂಚೆ. ಬಡವ ಗೋಮಾಳದಲ್ಲಿ ಒಂದೇ ರಾತ್ರಿಯಲ್ಲಿ ಗುಡಿಸಲೆಬ್ಬಿಸಿ ಬೆಳಗಾಗುವಷ್ಟರಲ್ಲಿ ಒಲೆಯಿಂದ ಹೊಗೆ ಬರಿಸಿದರೆ ಅದು ಅವನದೇ ಎಂದು ಹಿಂದಿನವರ ನಂಬಿಕೆ. ಅಜ್ಜ ಜಾಣ. ಸರಿಯಾಗಿ ಎರಡು ಸೀಮೆಗಳ ಎಲ್ಲೆಯ ಮೇಲೇ ಕಟ್ಟಿದ. ಕಾಬ್‌ವೆಲ್‌ನ ಕಾವಲುಗಾರ ಅದನ್ನು ಮಾರ್ಸ್‌ಡೀನಿನವನು ನೋಡಿಕೊಳ್ಳಲಿ ಎಂದು ಮಲಗಿದ. ಮಾರ್ಸ್‌ಡೀನಿನವನೂ ಹಾಗೇ ಮಲಗಿದ. ಬೆಳಿಗ್ಗೆ ಹೊಗೆ ಬಂದಿತ್ತು.

ಆ ಜಾಣತನದ ಫಲವನ್ನು ಮೊಮ್ಮಗ ಉಣ್ಣಬೇಕಾಯಿತು. ಕಳೆದ ವರ್ಷ ಹಂದಿ ಹತ್ತು ಮರಿ ಹಾಕಿದಾಗ ಪಾದ್ರಿ ಹತ್ತರಲ್ಲೊಂದು ಪಾಲು ಕೇಳಲು ಬಂದ. ಎರಡೂ ಊರಿನ ಚರ್ಚಿಗೆ ಅವನೇ ಪಾದ್ರಿ. ಹಂದಿಯ ತಲೆ ಕಾಬ್‌ವೆಲ್‌ನಲ್ಲಿದೆ, ಅಲ್ಲಿಗೊಂದು ಮರಿ. ಬಾಲ ಮಾರ್ಸ್‌ಡೀನಿನಲ್ಲಿದೆ, ಅಲ್ಲಿಗೊಂದು ಮರಿ. ಎರಡು ಕಂಕುಳಲ್ಲಿ ಎರಡು ಮರಿ ಅವುಚಿಕೊಂಡು, "ದೇವರು ಒಳ್ಳೇದು ಮಾಡಲಿ" ಎಂದು ಹೋಗಿದ್ದ. ಕೊಡುವಾಗ ಎರಡು ಸೀಮೆ ಎಂದು ಕೆಜಾಯಾ ಅಂದೇ ತಿಳಿದುಕೊಂಡಿದ್ದಳು. ತೆಗೆದುಕೊಳ್ಳುವಾಗ ಒಂದೂ ಇಲ್ಲ ಎಂಬುದು ಈಗ ತಿಳಿಯುತ್ತಿತ್ತು.

ಮರುದಿನ ಬ್ರಂಡಲ್ ಅಳತೆಯ ಸರಪಳಿ ಹಿಡಿದು ಬಂದ. ಜತೆಗೆ ಕಮ್ಮಾರ ಸೈಲಸ್ ಬಂದ. ಊರಿಗೆ ಕಾನ್‌ಸ್ಟೇಬಲ್ ಬೇಕೆಂದಾಗ ಯಾರೂ ಒಪ್ಪದೆ ಆ ಹುದ್ದೆಯ ಕೋಲನ್ನು ಅವನ ಕೈಗೆ ತುರುಕಿದ್ದರು. ಹಳ್ಳದ ಬಳಿಯ ಗಡಿಕಲ್ಲಿನಿಂದ ಓಕ್ ಮರದ ಬಳಿಯ ಗಡಿಕಲ್ಲಿಗೆ ದಾರ ಎಳೆದರು. ದಾರ ಬಾಗಿಲಿನಿಂದ ಒಳಗೆ ಬಂದು, ಜೇಬೆಜ್‌ನ ಹೊಟ್ಟೆಯ ಮೇಲೆ ಹಾದು, ಕಿಟಕಿಯಿಂದ ಹೊರಗೆ ಹೋಯಿತು.

"ಕಾಲು ನಮ್ಮ ಕಡೆ, ತಲೆ ಮಾರ್ಸ್‌ಡೀನ್ ಕಡೆ," ಎಂದ ಬ್ರಂಡಲ್ ಸಂತೋಷದಿಂದ. "ಮನುಷ್ಯ ನಿದ್ದೆ ಮಾಡೋದು ತಲೆಯಿಂದ. ಸ್ಪೂನರ್ ಹತ್ರ ಹೋಗು."

ಅದರ ಮರುದಿನ ಸ್ಪೂನರ್ ಬಂದ. ಗಿರಣಿಯ ಹಿಟ್ಟು ಅವನ ಹುಬ್ಬಿನ ಮೇಲೆಲ್ಲ ಕೂತಿತ್ತು. "ನಿನಗೆ ಕೆಟ್ಟಿರೋದು ತಲೆಯೋ ಕಾಲೋ?" ಎಂದು ಜೇಬೆಜ್‌ನನ್ನು ಕೇಳಿದ.

"ಕಾಲು, ಸ್ವಾಮಿ."

"ಕೆಟ್ಟ ಭಾಗ ಇರೋದು ಬ್ರಂಡಲ್ ಕಡೆ. ನಮ್ಮ ಕಡೆ ಇರೋ ಭಾಗ ಗಟ್ಟಿಮುಟ್ಟಾಗಿದೆ. ಅದು ದುಡಿದು ತಿನ್ನಲಿ."

"ಬರೀ ತಲೆಗೆ ಯಾರು ಕೆಲಸ ಕೊಡ್ತಾರೆ ಸ್ವಾಮಿ? ಪಾದ್ರಿಗಳ ಕೆಲಸ ಆಗ್ಲೇ ಭರ್ತಿಯಾಗಿದೆ."

ಸ್ಪೂನರ್‌ಗೆ ನಗು ಬರಲಿಲ್ಲ. ಹೋಗುವ ಮುನ್ನ ಮಂಚವನ್ನು ಮೊಣಕಾಲಿನಿಂದ ಒತ್ತಿ ಎರಡು ಮೊಳ ಕಾಬ್‌ವೆಲ್ ಕಡೆಗೆ ತಳ್ಳಿದ. ಗುರುವಾರ ಬ್ರಂಡಲ್ ಬಂದು ನಾಲ್ಕು ಮೊಳ ಆಚೆ ತಳ್ಳಿದ. ಶುಕ್ರವಾರ ಸ್ಪೂನರ್. ಶನಿವಾರ ಬ್ರಂಡಲ್. ಮಂಚದ ಕಾಲಿನಿಂದ ಮಣ್ಣಿನ ನೆಲದಲ್ಲಿ ಬಂಡಿಯ ಜಾಡಿನಂಥ ಜಾಡು ಬಿತ್ತು.

"ನಲವತ್ತು ವರ್ಷ ನಾನು ಈ ಸೀಮೆ ದಾಟಿರಲಿಲ್ಲ ಕಣೇ," ಎಂದ ಜೇಬೆಜ್. "ಈಗ ನೋಡು, ಕಾಲು ಹೋದ್ಮೇಲೆ ದಿನಾ ಪರವೂರು."

"ನಗ್ತೀಯಲ್ಲ, ನಾಚಿಕೆ ಆಗಲ್ವಾ? ತುರಿಕೆ ಸೊಪ್ಪೂ ಬಲಿತು ನಾರಾಗ್ತಿದೆ."

"ಸೀಮೆಯ ನಿಜವಾದ ಗಡಿಕಲ್ಲು ಎಲ್ಲಿದೆ ಅಂತ ನನಗೆ ಗೊತ್ತು. ಒಲೆ ಕೆಳಗಿದೆ. ಅಜ್ಜ ಅದರ ಮೇಲೇ ಒಲೆ ಹಾಕಿದ್ದು. ಮಂಚ ಪೂರ್ತಿ ಕಾಬ್‌ವೆಲ್."

ಕೆಜಾಯಾ ಓಡಿಹೋಗಿ ಬ್ರಂಡಲ್‌ಗೆ ಹೇಳಿದಳು. ಬ್ರಂಡಲ್ ಗಂಭೀರನಾಗಿ ಕೇಳಿಸಿಕೊಂಡ. ಒಲೆ ಅಗೆಯಬೇಕಾದರೆ ಒಲೆ ಯಾವ ಸೀಮೆಯಲ್ಲಿದೆಯೋ ಆ ಸೀಮೆಯ ಸಭೆ ಒಪ್ಪಬೇಕು, ಒಲೆ ಯಾವ ಸೀಮೆಯದೆಂದು ಅಗೆದ ಮೇಲೇ ತಿಳಿಯುತ್ತದೆ, ಆದ್ದರಿಂದ ಅಗೆಯುವ ಹಾಗಿಲ್ಲ ಎಂದ. ಅದಲ್ಲದೆ ಬೇಡುವವನ ಮಾತನ್ನು ಎಲ್ಲೆಯ ವಿಷಯದಲ್ಲಿ ಸಾಕ್ಷಿಯೆಂದು ಹಿಡಿಯಲಾಗದು ಎಂದ.

"ಅವನಿನ್ನೂ ಬೇಡುವವನಾಗಿಲ್ವಲ್ಲ ಧಣಿ. ನೀವೆಲ್ಲಿ ಕೊಟ್ಟಿದೀರಿ?"

"ನಾಲಿಗೆ ಉದ್ದ ಆಯ್ತು ಕೆಜಾಯಾ. ಎಲ್ಲೆ ಬಡಿಯೋ ದಿನ ಬರುತ್ತಲ್ಲ, ಅವತ್ತು ತೀರ್ಮಾನ."

ಈಸ್ಟರ್ ಕಳೆದ ಐದನೆಯ ವಾರ ಎರಡೂ ಊರಿನವರು ಪಾದ್ರಿಯ ಹಿಂದೆ ತಂತಮ್ಮ ಸೀಮೆ ಸುತ್ತಿ, ಗಡಿಕಲ್ಲುಗಳನ್ನು ಹಸಿ ಕೋಲಿನಿಂದ ಬಡಿಯುವುದು ಹಿಂದಿನಿಂದ ಬಂದ ಪದ್ಧತಿ. ಕೂಲಿಯವರಿಗೆ ಅಂದು ಧಣಿಗಳು ಬಿಯರ್ ಕೊಡುತ್ತಿದ್ದರು. ಎರಡು ಊರಿನ ಕೂಲಿಯವರು ಎಲ್ಲೆಯಲ್ಲಿ ಎದುರಾದಾಗ ಒಂದು ಗೇಣು ನೆಲಕ್ಕಾಗಿ ಮೂಗು ಹಲ್ಲು ಮುರಿಯುವಂತೆ ಹೊಡೆದಾಡುತ್ತಿದ್ದರು. ಆ ನೆಲ ಇಬ್ಬರದೂ ಆಗಿರಲಿಲ್ಲ. ಆದರೂ ಬಿಯರಿನ ಋಣ ದೊಡ್ಡದು.

ಈ ಸಲ ಧಣಿಗಳ ಅಪ್ಪಣೆ ಬೇರೆಯಾಗಿತ್ತು. ಯಾರೂ ಹೊಡೆದಾಡಕೂಡದು. ಬಿಟ್ಟುಕೊಡಬೇಕು.

ಮಧ್ಯಾಹ್ನದ ಹೊತ್ತಿಗೆ ಎರಡು ಮೆರವಣಿಗೆಗಳು ಪ್ಯಾನೆಲ್ ಮನೆಯ ಮುಂದೆ ಸಂಧಿಸಿದವು. ಕೆಜಾಯಾ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಮಂಚದಿಂದ ಜೇಬೆಜ್ ಕತ್ತು ಚಾಚಿದ್ದ.

"ಈ ಮನೆ ನಿಮ್ಮದು, ಸ್ಪೂನರ್ ಸಾಹೇಬರೇ," ಎಂದ ಬ್ರಂಡಲ್ ಟೋಪಿ ತೆಗೆದು. "ನಮ್ಮ ಸೀಮೆ ಆ ಎಲ್ಡರ್ ಗಿಡದಿಂದ ಈಚೆಗೆ."

 

"ಎಲ್ಲಾದ್ರೂ ಉಂಟೇ! ನಿಮ್ಮ ಹಿರಿಯರ ನೆಲ ನಮಗ್ಯಾಕೆ?" ಎಂದ ಸ್ಪೂನರ್. "ನಮ್ಮದು ಆ ಗುಂಡಿಯಿಂದ ಆಚೆಗೆ." ಎಂದವನೇ ತನ್ನ ಜನರೊಂದಿಗೆ ಐವತ್ತು ಹೆಜ್ಜೆ ಹಿಂದೆ ಸರಿದ.

ಬ್ರಂಡಲ್ ಸೋಲುವ ಆಸಾಮಿಯಲ್ಲ. ಅವನು ಎಂಬತ್ತು ಹೆಜ್ಜೆ ಸರಿದ. ಸ್ಪೂನರ್ ನೂರು. ಕೂಲಿಯವರಿಗೆ ಏನೂ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಮುನ್ನುಗ್ಗಿ ಹೊಡೆದವರು ಈಗ ಹಿಮ್ಮುಖವಾಗಿ ನಡೆಯುತ್ತ ಒಬ್ಬರ ಮೇಲೊಬ್ಬರು ಬಿದ್ದರು. ಎಲ್ಲೆ ನೆಟ್ಟಗಿರಬೇಕಾದ್ದರಿಂದ ಹಳ್ಳದ ಬಳಿಯೂ ಓಕ್ ಮರದ ಬಳಿಯೂ ಹೊಸ ಗೂಟ ಹೊಡೆದರು. ಕೊನೆಗೆ ಇಬ್ಬರು ಧಣಿಗಳು ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ದೂರ ನಿಂತರು. ನಡುವೆ ಒಂದು ಮೈಲಿ ಉದ್ದದ, ಇನ್ನೂರು ಹೆಜ್ಜೆ ಅಗಲದ ನೆಲ. ಅದರ ನಟ್ಟನಡುವೆ ಮನೆ, ಮನೆಯೊಳಗೆ ಮಂಚ.

ಪಾದ್ರಿ ಲಸ್ಕಮ್ ಸೀಮೆಯ ಪುಸ್ತಕ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಓಡಾಡಿ ಬೆವತಿದ್ದ. ಮನೆಯಲ್ಲಿ ಬಾತು ಸುಡುತ್ತಿದ್ದರು. ತಡವಾದರೆ ಚರ್ಮ ಗರಿಗರಿಯಾಗಿ ಉಳಿಯುವುದಿಲ್ಲ.

"ಹಾಗಾದರೆ ಈ ನಡುವಿನದು?" ಎಂದು ಕೂಗಿದ.

"ನಮ್ಮದಲ್ಲ!" ಎಂದಿತು ಒಂದು ದಿಕ್ಕು.

"ನಮ್ಮದೂ ಅಲ್ಲ!" ಎಂದಿತು ಇನ್ನೊಂದು.

'ಇದು ಯಾವ ಸೀಮೆಗೂ ಸೇರಿದ್ದಲ್ಲ' ಎಂದು ಪಾದ್ರಿ ಬರೆದ. ಇಬ್ಬರೂ ಬಂದು ರುಜು ಹಾಕಿದರು. ಸೈಲಸ್ ಸಾಕ್ಷಿಯಾಗಿ ಒಂದು ಲಾಳದ ಚಿತ್ರ ಬರೆದ.

ಕೆಜಾಯಾ ಬ್ರಂಡಲ್‌ನ ಹಿಂದೆ ಓಡಿದಳು. "ಧಣಿ, ರೊಟ್ಟಿ?"

"ಯಾವ ಸೀಮೆಗೂ ಸೇರದೋನಿಗೆ ಯಾವ ಸೀಮೆ ಕೊಡುತ್ತೆ ಹೇಳು? ನೀನೇ ಕಾನೂನು ಅಂದಿದ್ದಲ್ವಾ?" ಎಂದು ಅವನು ಊಟಕ್ಕೆ ಹೋದ.

ಅವಳು ಒಳಗೆ ಬಂದು ತಣ್ಣಗಿನ ಒಲೆಯ ಮುಂದೆ ಕೂತಳು. ಸೊಪ್ಪು ಕುದಿಸಲು ಸೌದೆಯೂ ಇರಲಿಲ್ಲ.

"ಕೆಜಾಯಾ," ಎಂದ ಜೇಬೆಜ್, "ನಾವೀಗ ಎಲ್ಲಿದೀವಿ?"

"ಎಲ್ಲೂ ಇಲ್ಲ."

"ಮತ್ತೆ ಆ ಬೇಲಿ?"

ಅವಳು ಕಿಟಕಿಯಿಂದ ನೋಡಿದಳು. ಬ್ರಂಡಲ್‌ಗೂ ಸ್ಪೂನರ್‌ಗೂ ಗೋಮಾಳವನ್ನು ಹಂಚಿಕೊಟ್ಟಿದ್ದ ಮುಳ್ಳುಬೇಲಿ ಮನೆಯಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಬಿಳಿ ಹೂ ಕವಿದುಕೊಂಡು ನಿಂತಿತ್ತು. ಹೊಸ ಗೂಟಗಳು ಅದರಿಂದ ಎಷ್ಟೋ ಆಚೆ, ಎಷ್ಟೋ ಈಚೆ.

"ಬೇಲೀನೂ ಎಲ್ಲೂ ಇಲ್ಲ ಕಣೋ," ಎಂದಳು ಮೆಲ್ಲಗೆ. ಆಮೇಲೆ ಜೇಬೆಜ್‌ನ ಮಚ್ಚನ್ನು ಗೋಡೆಯಿಂದ ತೆಗೆದಳು.

ಬ್ರಂಡಲ್ ಪಾದ್ರಿಯ ಮನೆಯಲ್ಲಿ ಬಾತಿನ ಕಾಲು ಚೀಪುತ್ತಿದ್ದಾಗ ಸುದ್ದಿ ಬಂತು. ಅವನು ಸೈಲಸ್‌ನನ್ನು ಎಳೆದುಕೊಂಡು ಬರುವಷ್ಟರಲ್ಲಿ ಕೆಜಾಯಾ ಎರಡು ಗಾಡಿ ಅಗಲದ ಬೇಲಿ ಕಡಿದು ಹೊರೆ ಕಟ್ಟಿದ್ದಳು. ಅವಳ ತೋಳಿನ ತುಂಬ ಮುಳ್ಳಿನ ಗೀರು.

"ಹಿಡಿಯೋ ಅವಳನ್ನ!" ಎಂದು ಬ್ರಂಡಲ್ ಕೂಗಿದ.

ಸೈಲಸ್ ಹೊಸ ಗೂಟದ ಬಳಿ ಬಂದು ನಿಂತುಬಿಟ್ಟ. ಕಾನ್‌ಸ್ಟೇಬಲ್ ಕೋಲನ್ನು ಗೂಟಕ್ಕೆ ಒರಗಿಸಿದ. "ನನ್ನ ಅಧಿಕಾರ ಇಲ್ಲಿಗೆ ಮುಗೀತು ಧಣಿ. ಈಗ ತಾನೇ ನೀವು ಹೊಡೆಸಿದ್ರಲ್ಲ, ಗೂಟ."

"ಅದು ನನ್ನ ಬೇಲಿ ಕಣೋ, ಬೆಪ್ಪಾ!"

"ಬೇಲಿ ಹಾಕಿದಾಗ ಚರ್ಚಿನ ಬಾಗಿಲಿಗೆ ಹೊಡೆದ ಕಾಗದದಲ್ಲಿ, 'ಕಾಬ್‌ವೆಲ್ ಸೀಮೆಯೊಳಗಿನ ಗೋಮಾಳ ಬ್ರಂಡಲ್‌ಗೆ' ಅಂತ ಪಾದ್ರಿಗಳು ಓದಿ ಹೇಳಿದ್ರು. ಆ ಮೊಳೆ ನಾನೇ ಮಾಡಿದ್ದು. ಇದು ಕಾಬ್‌ವೆಲ್ ಅಲ್ಲ ಅಂತ ನೀವೇ ರುಜು ಹಾಕಿದ್ರಿ. ಆ ಕಾಗದಕ್ಕೆ ಇಲ್ಲೇನು ಕೆಲಸ?" ಸೈಲಸ್ ತಲೆ ಕೆರೆದುಕೊಂಡ. ತಾನು ಆಡಿದ್ದು ಅವನಿಗೇ ಆಶ್ಚರ್ಯವಾಗಿತ್ತು. "ಧಣಿ, ಹಾಗಾದ್ರೆ ಇದು ಮತ್ತೆ ಗೋಮಾಳವೇ ಆಯ್ತಲ್ಲ?"

ಬ್ರಂಡಲ್ ಆ ಮಾತನ್ನು ಅವನ ಬಾಯಿಗೆ ತಿರುಗಿ ತುರುಕಲು ನೋಡಿದ. ಆಗಲೇ ನಾಲ್ಕು ಜನ ಕೇಳಿಸಿಕೊಂಡಿದ್ದರು. ಸ್ವಲ್ಪ ಹೊತ್ತಿನಲ್ಲಿ ಮೊದಲ ಬಾತುಕೋಳಿ ಗೂಟ ದಾಟಿ ಒಳಗೆ ನಡೆಯಿತು. ಅದಕ್ಕೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಅದರ ಹಿಂದೆ ಹನ್ನೊಂದು, ಅವುಗಳ ಹಿಂದೆ ಒಬ್ಬಳು ಮುದುಕಿ, ಅವಳ ಹಿಂದೆ ಕತ್ತೆ ಹಿಡಿದವನು, ಅವನ ಹಿಂದೆ ಕಾಬ್‌ವೆಲ್‌ನ ಅರ್ಧ ಊರು.

ಪಾದ್ರಿಗೆ ವಿಷಯ ಹೊಳೆದದ್ದು ಊಟದ ಕೊನೆಯ ಸಿಹಿಯ ಹೊತ್ತಿಗೆ. ಯಾವ ಸೀಮೆಗೂ ಸೇರದ ನೆಲದಿಂದ ಯಾವ ಚರ್ಚಿಗೂ ಪಾಲಿಲ್ಲ. ಚಮಚ ಬಿಟ್ಟು ಅವನು ಗಿರಣಿಗೆ ಓಡಿದ. ಸಂಜೆ ಬಿಸಿಲಿರುವಾಗಲೇ ಮೂವರೂ ಪ್ಯಾನೆಲ್ ಮನೆಗೆ ಬಂದರು. ಬ್ರಂಡಲ್‌ನ ಎರಡು ಕಂಕುಳಲ್ಲಿ ಎರಡು ಗೋದಿ ರೊಟ್ಟಿ, ಸ್ಪೂನರ್‌ನ ಹೆಗಲ ಮೇಲೆ ಹಿಟ್ಟಿನ ಚೀಲ.

"ಜೇಬೆಜ್, ನೀನು ಹುಟ್ಟಾ ಕಾಬ್‌ವೆಲ್‌ನೋನು," ಎಂದ ಬ್ರಂಡಲ್. ಅವನ ಧ್ವನಿ ಒಡೆದಿತ್ತು. "ನಿಮ್ಮಪ್ಪ ನಮ್ಮಪ್ಪನ ಹೊಲ ಉತ್ತೋನು. ನಿನ್ನನ್ನ ನಾವು ಬಿಟ್ಟುಕೊಡ್ತೀವಾ?"

"ತಲೆ ನಮ್ಮ ಕಡೆ ಇತ್ತು!" ಎಂದ ಸ್ಪೂನರ್. "ಮನುಷ್ಯ ಅಂದ್ರೆ ತಲೆ. ನೀವೇ ಹೇಳಿದ್ದು!"

"ಒಂದು ಮೊಳ ಮಂಚ ಸರಿಸೋಣ, ಅಷ್ಟೇ," ಎಂದ ಪಾದ್ರಿ. "ಯಾವ ಕಡೆಗಾದರೂ ಸರಿ. ಆಮೇಲೆ ಪುಸ್ತಕ ತಿದ್ದಿ ಎಲ್ಲೆಯನ್ನು ಹಳೆಯ ಜಾಗಕ್ಕೇ ತರುತ್ತೇನೆ. ಎಲ್ಲಾ ಮೊದಲಿನ ಹಾಗೆ."

ಕೆಜಾಯಾ ಬ್ರಂಡಲ್‌ನ ಕಂಕುಳಿನಿಂದ ಒಂದು ರೊಟ್ಟಿ ತೆಗೆದುಕೊಂಡಳು, ಇನ್ನೊಂದನ್ನೂ ತೆಗೆದುಕೊಂಡಳು. ಸ್ಪೂನರ್‌ನ ಚೀಲವನ್ನು ಇಳಿಸಿಕೊಂಡಳು. ಬೇಡವೆನ್ನುವಷ್ಟು ಹೊಟ್ಟೆ ತುಂಬಿದವರು ಆ ಮನೆಯವರಲ್ಲಿ ಯಾರೂ ಇರಲಿಲ್ಲ. ರೊಟ್ಟಿಯ ಒಂದು ತುಂಡು ಮುರಿದು ಜೇಬೆಜ್‌ಗೆ ಕೊಟ್ಟಳು. ಅವನು ಬಹಳ ಹೊತ್ತು ಅಗಿದ. ಮೂವರು ದೊಡ್ಡವರು ಅವನ ದವಡೆಯನ್ನೇ ನೋಡುತ್ತ ನಿಂತರು.

"ಇದು ನಮ್ಮಿಬ್ಬರಿಗೆ ಮಾತ್ರಾನಾ?" ಎಂದ ಜೇಬೆಜ್.

"ವಾರಾ ವಾರಾ! ಸಾಯೋವರೆಗೂ!" ಎಂದ ಬ್ರಂಡಲ್.

"ಅದಲ್ಲ ಧಣಿ. ಹೊರಗಡೆ ಅಷ್ಟು ಜನ ನಿಂತಿದಾರಲ್ಲ. ಮಂಚ ಸರಿದರೆ ಅವರ ಬಾತುಕೋಳಿ ಎಲ್ಲಿಗೆ ಹೋಗ್ತವೆ?"

ಬ್ರಂಡಲ್ ಪಾದ್ರಿಯ ಮುಖ ನೋಡಿದ. ಪಾದ್ರಿ ಕಿಟಕಿಯ ಕಡೆ ನೋಡಿದ. ಕಿಟಕಿಯ ತುಂಬ ಮುಖಗಳು.

"ಮಂಚ ಸರಿಯಲ್ಲ," ಎಂದಳು ಕೆಜಾಯಾ.

"ನಾಳೆ ಪೇಟೆಯಿಂದ ಸೈನಿಕರು ಬರ್ತಾರೆ. ಕುದುರೆ ಮೇಲೆ," ಎಂದ ಬ್ರಂಡಲ್. ಈಗ ಅವನ ಧ್ವನಿಯಲ್ಲಿ ಒಡಕಿರಲಿಲ್ಲ. ಅದು ಅವನ ನಿಜವಾದ ಧ್ವನಿ. ಆ ಧ್ವನಿಯನ್ನು ಎಲ್ಲರೂ ಗುರುತಿಸಿದರು. ಕತ್ತೆ ಹಿಡಿದವನು ಹಗ್ಗ ಬಿಗಿ ಮಾಡಿದ. ಮುದುಕಿ ಬಾತುಗಳನ್ನು ಎಣಿಸತೊಡಗಿದಳು. ಒಂದಿಬ್ಬರು ಗೂಟದ ಕಡೆ ಹಿಂದೆ ಸರಿದರು.

ಕೆಜಾಯಾಗೂ ಹೆದರಿಕೆಯಾಯಿತು. ಕುದುರೆಯ ಕಾಲಡಿ ಸಿಕ್ಕವರನ್ನು ಅವಳು ನೋಡಿದ್ದಳು. ಇಷ್ಟು ಜನ ಸಾಲದು ಎಂದು ಅವಳಿಗೆ ತಿಳಿಯಿತು. ರೊಟ್ಟಿಯನ್ನು ಮುದುಕಿಯ ಕೈಗಿತ್ತು, "ಹಂಚು ಅಜ್ಜಿ" ಎಂದಳು. ಮಚ್ಚು ಹಿಡಿದು ಬೇಲಿಯ ಬಳಿಗೆ ಹೋದಳು. ಕಡಿಯತೊಡಗಿದಳು. ಅವಳ ಏಟುಗಳು ಆ ಬಯಲಿನಲ್ಲಿ ಒಂಟಿಯಾಗಿ ಕೇಳಿಸಿದವು.

ಆಮೇಲೆ ಏಟುಗಳು ಎರಡೆರಡಾಗಿ ಕೇಳಿಸತೊಡಗಿದವು. ಕೆಜಾಯಾ ನಿಲ್ಲಿಸಿದಳು. ಇನ್ನೊಂದು ಸದ್ದು ನಿಲ್ಲಲಿಲ್ಲ. ಹೂವು ಉದುರಿತು, ಕೊಂಬೆ ಅಲುಗಾಡಿತು, ಬೇಲಿಯ ಆಚೆಯಿಂದ ಒಂದು ಕುಡುಗೋಲು ಈಚೆಗೆ ಮೂತಿ ಹಾಕಿತು. ಅದರ ಹಿಂದೆ ಮಾರ್ಸ್‌ಡೀನಿನ ಟ್ರಿಫೀನಾಳ ಕೆಂಪು ಮುಖ. ಸ್ಪೂನರ್‌ನ ಹೊಲದಲ್ಲಿ ಕಲ್ಲು ಆರಿಸುವವಳು. ಮೂರು ವರ್ಷದ ಹಿಂದೆ ಎಲ್ಲೆ ಬಡಿಯುವ ದಿನ ಜೇಬೆಜ್ ಅವಳ ಗಂಡನ ಎರಡು ಹಲ್ಲು ಉದುರಿಸಿದ್ದ.

"ಏನೇ ಕಾಬ್‌ವೆಲ್ ಹುಡುಗಿ," ಎಂದಳು ಟ್ರಿಫೀನಾ ಏದುಸಿರು ಬಿಡುತ್ತ, "ನಮ್ಮ ಕಡೆಯಿಂದ ನಲವತ್ತು ಜನ ಬಂದಿದೀವಿ. ಮುಳ್ಳು ನಿಮ್ಮ ಕಡೆಗೆ ತಳ್ಳಲಾ, ನಮ್ಮ ಕಡೆಗೆ ಎಳಕೊಳ್ಳಲಾ?"

"ನಡುವೆ ಬೆಂಕಿ ಹಾಕೋಣ," ಎಂದಳು ಕೆಜಾಯಾ. "ಹಿಟ್ಟಿದೆ."